ಅಲಾರಮ್ಮಿನ ಕೆಂಪು ಟೋಪಿ

ಒತ್ತಿದರೆ ಕೂಗುತ್ತದೆ. ಹೊಗೆ ಬಿಟ್ಟರೂ ಕೂಗುತ್ತದೆ. ಹಾಗಿದ್ದ ಮೇಲೆ ಆ ಮಂಗಳವಾರ ಇದರ ಬಾಯಿಗೆ ಏನಾಗಿತ್ತು?

ಮಸಿಯಕ್ಕ ಸ್ಟೂಲಿನ ಮೇಲೆ ನಿಂತು, ಕತ್ತು ಹಿಂದಕ್ಕೆ ಮಡಚಿ, ಚಾವಣಿಗೆ ಅಂಟಿಕೊಂಡಿದ್ದ ಆ ದುಂಡನೆಯ ಸ್ಮೋಕ್ ಅಲಾರಮ್ಮನ್ನು ದುರುಗುಟ್ಟಿ ನೋಡಿದಳು. ಪರೀಕ್ಷೆಗೆಂದೇ ಇರುವ ಹೊಗೆಯ ಸ್ಪ್ರೇ ಡಬ್ಬಿ ಅವಳ ಕೈಯಲ್ಲಿತ್ತು. ಒಂದೇ ಸಲ ಪುಸ್ಸೆನಿಸಿದ್ದಕ್ಕೆ ಅಲಾರಮ್ಮು ಮನೆ ಹಾರಿಹೋಗುವ ಹಾಗೆ ಅರಚಿ, ಈಗಷ್ಟೇ ಸುಮ್ಮನಾಗಿತ್ತು. ಅವಳ ಎಡಗಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿತ್ತು.

ಆರು ದಿನದ ಹಿಂದೆ, ಇದೇ ಓಣಿಯಂಥ ಹಜಾರಕ್ಕೆ ತೆರೆದುಕೊಳ್ಳುವ ಕೋಣೆಯಲ್ಲಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕ ಬೈಂಡರ್ ಮಧ್ಯಾಹ್ನ ಮಲಗಿದ್ದವರು ಹೊಗೆ ಕುಡಿದು ತೀರಿಕೊಂಡಿದ್ದರು.

ಅಗ್ನಿಶಾಮಕ ಇಲಾಖೆಯ ತನಿಖಾ ವಿಭಾಗದಲ್ಲಿ ಮಸಿಯಕ್ಕನಿಗೆ ಬೇರೆ ಹೆಸರೂ ಇತ್ತು. ಆದರೆ ಹದಿನೆಂಟು ವರ್ಷ ಸುಟ್ಟ ಮನೆಗಳನ್ನು ಕೆದಕಿ ಕೆದಕಿ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗದೇ ಹೋದಾಗ, ಆ ಹೆಸರನ್ನು ಸಂಬಳದ ಚೀಟಿ ಬಿಟ್ಟರೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅವಳೂ ಬೇಜಾರು ಮಾಡಿಕೊಳ್ಳಲಿಲ್ಲ.

ಬೆಳಿಗ್ಗೆಯೇ ಸಾಹೇಬರು ಫೋನು ಮಾಡಿದ್ದರು.

"ಇನ್ನೂ ಏನ್ರೀ ಹುಡುಕ್ತಾ ಇದೀರಿ? ಮುದುಕರು ಕರೆಂಟ್ ಒಲೆ ಆರಿಸೋದು ಮರೆತ್ರು. ಸೊಸೆ ಅಲಾರಂ ನೋಡ್ಕೊಳ್ಳೋದು ಮರೆತ್ಲು. ಬ್ಯಾಟರಿ ಸತ್ತಿತ್ತು, ಆಮೇಲೆ ಹೊಸದು ತುರುಕಿದಾಳೆ. ನಿರ್ಲಕ್ಷ್ಯದಿಂದ ಸಾವು ಅಂತ ಅವಳ ಹೆಸರು ಬರೆದು ಸಂಜೆ ಐದಕ್ಕೆ ಕಳಿಸಿ. ಮುಂದಿನದು ಪೊಲೀಸರು ನೋಡ್ಕೋತಾರೆ."

ಈಗ ಗಂಟೆ ಮೂರೂಕಾಲು.

ಅವಳು ಅಲಾರಮ್ಮನ್ನು ತಿರುವಿ ತಳದಿಂದ ಬಿಡಿಸಿಕೊಂಡಳು. ಹಿಂಬದಿಯಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚಾಗಿತ್ತು. ನಾಲ್ಕು ವರ್ಷವೂ ತುಂಬಿಲ್ಲ. ಹತ್ತು ವರ್ಷ ಬಾಳುವ ಜೀವ ಇದು, ಇನ್ನೂ ಹರೆಯ. ಬ್ಯಾಟರಿಯ ಸುತ್ತ ಬಿಳಿ ಕಾಗದದ ಪಟ್ಟಿ ಅಂಟಿಸಿ, ಹಾಕಿದ ತಾರೀಕನ್ನು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿತ್ತು. ಎರಡು ತಿಂಗಳ ಹಿಂದಿನದು. ಅಕ್ಷರ ಮುದುಕರದೇ. ಕೋಣೆಯ ಕಪಾಟಿನಲ್ಲಿ ಸುಡದೆ ಉಳಿದ ಪುಸ್ತಕಗಳ ಮೇಲೂ ಅದೇ ಅಕ್ಷರವಿತ್ತು. ಹೊಸದಾಗಿ ತುರುಕಿದ ಬ್ಯಾಟರಿಗೆ ಸತ್ತವರು ಬಂದು ತಾರೀಕು ಬರೆದುಕೊಡುವುದಿಲ್ಲ. ಸಾಹೇಬರ ಲೆಕ್ಕಾಚಾರ ಅಲ್ಲಿಗೇ ಕೈಕೊಟ್ಟಿತು.

ಹೊಗೆ ಒಳಹೋಗುವ ಸೀಳುಗಳಲ್ಲಿ ಟಾರ್ಚು ಬಿಟ್ಟು ನೋಡಿದಳು. ಒಂದು ಜೇಡನ ಎಳೆ ಇಲ್ಲ, ಒಂದು ಚಿಟಿಕೆ ದೂಳಿಲ್ಲ. ಮೆತ್ತನೆಯ ಕುಂಚದಿಂದ ಪ್ರತಿ ತಿಂಗಳೂ ಒರೆಸಿದ ಗುರುತು. ಅವಳಿಗೆ ತನ್ನ ಮನೆಯ ಅಲಾರಮ್ಮು ನೆನಪಾಗಿ ಮುಖ ಬೆಚ್ಚಗಾಯಿತು. ಅದು ಎರಡು ವಾರ ಕಿಚ್ ಕಿಚ್ ಅಂತ ಪ್ರಾಣ ಹಿಂಡಿದ್ದಕ್ಕೆ, ಬ್ಯಾಟರಿ ಕಿತ್ತು ಮೇಜಿನ ಖಾನೆಗೆ ಎಸೆದಿದ್ದಳು. ನಾಳೆ ಹಾಕಿದರಾಯಿತು ಅಂದುಕೊಂಡಿದ್ದಳು. ಆ ನಾಳೆ ಇನ್ನೂ ಬಂದಿರಲಿಲ್ಲ.

ಮತ್ತೆ ಮೇಲೆ ನೋಡಿದಳು. ಆಗ ಕಣ್ಣಿಗೆ ಬಿತ್ತು.

ಚಾವಣಿಯೆಲ್ಲ ಕಪ್ಪು. ಅಲಾರಮ್ಮು ಕೂತಿದ್ದ ಜಾಗ ಬಿಳುಪು, ಅದು ಸಹಜ. ಆದರೆ ಆ ಜಾಗದ ಸುತ್ತಲೂ ಇನ್ನೊಂದು ಬೆರಳಗಲದಷ್ಟು ಬಿಳಿ ಉಂಗುರವಿತ್ತು. ಅದರ ಅಂಚು ಕಂಪಾಸಿನಲ್ಲಿ ಕೊರೆದಷ್ಟು ಚೊಕ್ಕ. ಕೈಯಲ್ಲಿದ್ದ ಅಲಾರಮ್ಮೂ ಅಷ್ಟೇ, ಹೊಸ ತಟ್ಟೆಯ ಹಾಗೆ ಬೆಳ್ಳಗಿತ್ತು. ಅಷ್ಟು ಹೊಗೆಯಲ್ಲಿ ನೇತಾಡಿದ್ದಕ್ಕೆ ಮಸಿಯ ಒಂದು ಬೊಟ್ಟೂ ಇಲ್ಲ.

ಹೊಗೆ ಬಂದಾಗ ಇದರ ಮೇಲೆ ಏನೋ ಕವುಚಿತ್ತು. ಅಗ್ನಿಶಾಮಕದವರು ಫೋಟೋ ತೆಗೆಯುವಷ್ಟರಲ್ಲಿ ಅದು ಮಾಯವಾಗಿತ್ತು.

ಆ ಹೊತ್ತಿನಲ್ಲಿ ಮನೆಯವರ ಪೈಕಿ ಮೇಲೆ ಬಂದವಳು ಸೊಸೆ ಒಬ್ಬಳೇ.

"ಮೇಡಂ, ಟೀ ಆರಿಹೋಗತ್ತೆ," ಎಂದು ಮೆಟ್ಟಿಲಿನಿಂದ ದನಿ ಬಂತು. ಸೊಸೆ ಲೋಟ ಹಿಡಿದು ಹತ್ತಿ ಬರುತ್ತಿದ್ದಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು, ಕೊರಳಿಗೆ ಅಳತೆಯ ಟೇಪು ಹಾಗೇ ನೇತುಬಿದ್ದಿತ್ತು. ಮೇಲಿನಿಂದ ಎರಡನೇ ಮೆಟ್ಟಿಲಿಗೆ ಬಂದಾಗ ಕಾಲನ್ನು ಒಂದಿಷ್ಟು ಹೆಚ್ಚೇ ಎತ್ತಿಟ್ಟಳು. ಹೋದ ವರ್ಷ ಬಡಗಿ ರಿಪೇರಿ ಮಾಡುವಾಗ ಆ ಮೆಟ್ಟಿಲನ್ನು ಮಿಕ್ಕವಕ್ಕಿಂತ ಎತ್ತರ ಮಾಡಿಬಿಟ್ಟಿದ್ದ. ಹೊಸಬರೆಲ್ಲ ಅಲ್ಲಿ ಎಡವುತ್ತಾರೆ ಎಂದು ಅವಳೇ ಮೊದಲ ದಿನ ಎಚ್ಚರಿಸಿದ್ದಳು. ಎಚ್ಚರಿಸಿದ ಮೇಲೂ ಮಸಿಯಕ್ಕ ಎರಡು ಸಲ ಮುಗ್ಗರಿಸಿದ್ದಳು.

"ಇಲ್ಲಿ ಬಾಮ್ಮಾ. ಮೇಲೆ ನೋಡು. ಆ ಬಿಳಿ ಉಂಗುರ ಕಾಣ್ತಾ?"

ಸೊಸೆ ನೋಡಿದಳು.

"ಅಲಾರಮ್ಮಿಗೆ ಏನೋ ಮುಚ್ಚಿತ್ತು. ಅದನ್ನ ತೆಗೆದವಳು ನೀನು," ಎಂದಳು ಮಸಿಯಕ್ಕ. ದನಿ ಏರಿಸಲಿಲ್ಲ. "ನಾನು ಐದು ಗಂಟೆಗೆ ಒಂದು ಕಾಗದ ಬರೀಬೇಕು. ಅದರಲ್ಲಿ ನಿನ್ನ ಹೆಸರು ಬರಿ ಅಂತ ಮೇಲಿನವರು ಹೇಳ್ತಿದ್ದಾರೆ. ಬರೆದ್ರೆ ಕೇಸು, ಕೋರ್ಟು, ಜೈಲು ಆದ್ರೂ ಆಗಬಹುದು. ಬರೀಬಾರದು ಅನ್ನೋದಕ್ಕೆ ನನಗೆ ಏನಾದ್ರೂ ಆಧಾರ ಕೊಡು."

"ಏನೂ ಇರಲಿಲ್ಲ ಮೇಡಂ."

"ಹೊಗೆ ಸುಳ್ಳು ಹೇಳಲ್ಲ ಕಣಮ್ಮಾ. ಅದಕ್ಕೆ ಯಾರ ಹಂಗೂ ಇಲ್ಲ."

ಸೊಸೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಕೆಳಗಿಳಿದು ಹೋದಳು.

ಮಸಿಯಕ್ಕ ಹಿಂದೆ ಓಡಲಿಲ್ಲ. ಓಡಿದರೆ ಕೆಲವರು ಕಟ್ಟಿಕೊಂಡ ಬಾಯಿಯನ್ನು ಮತ್ತೆ ಬಿಚ್ಚುವುದೇ ಇಲ್ಲ, ಅದು ಅವಳಿಗೆ ಗೊತ್ತಿತ್ತು. ಸ್ಟೂಲಿನಿಂದ ಇಳಿದು ಆರಿದ ಟೀಯನ್ನೇ ಕುಡಿದಳು. ಸೊಸೆ ಸಕ್ಕರೆ ಹಾಕುವುದು ಮರೆತಿದ್ದಳು, ಪಾಪ.

ಸೊಸೆ ಮರಳಿದಾಗ ಕೈಯಲ್ಲಿ ಹಳೇ ಬಿಸ್ಕತ್ತಿನ ಡಬ್ಬಿಯಿತ್ತು, ಗುಂಡಿ ಹಾಕಿಡುವ ಡಬ್ಬಿ. ಮುಚ್ಚಳ ತೆಗೆದು, ಗುಂಡಿಗಳ ರಾಶಿಯ ಅಡಿಯಿಂದ ಒಂದು ವಸ್ತುವನ್ನು ಎತ್ತಿಕೊಟ್ಟಳು.

ಅದೊಂದು ದುಂಡು ಟೋಪಿ. ದಪ್ಪ ರಟ್ಟಿನಲ್ಲಿ ಮಾಡಿ, ಪುಸ್ತಕದ ಬೆನ್ನಿಗೆ ಹಾಕುವ ಕೆಂಪು ಬಟ್ಟೆ ಹೊದಿಸಿದ್ದು. ಕೊಳೆಯಾಗಿದ್ದರೂ ಎಂಥ ಕೆಲಸ! ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ಹೊರಗೆಲ್ಲ ಮಸಿ, ಒಳಗೆ ಬಿಳಿ ಕಾಗದ ಹಾಗೇ ಇತ್ತು. ಅಂಚಿನ ಸುತ್ತ ಮೇಣ ಸವರಿದ ದಾರ ಕಟ್ಟಿತ್ತು. ಒಂದು ಕಡೆ ಗಂಟು. ಗಂಟಿನ ಎದುರು ಬದಿಯಲ್ಲಿ ದಾರವನ್ನು ಕತ್ತರಿಸಲಾಗಿತ್ತು.

"ಮಾವನೇ ಮಾಡಿದ್ದು," ಎಂದಳು ಸೊಸೆ. "ಪುಸ್ತಕದ ಮೇಲೆ ಚಿನ್ನದ ಅಕ್ಷರ ಒತ್ತೋವಾಗ ಹಿತ್ತಾಳೆ ಅಚ್ಚನ್ನ ಒಲೆ ಮೇಲೆ ಕಾಯಿಸ್ತಾರೆ. ಪುಸ್ತಕಕ್ಕೆ ಹೊದಿಸಿದ ಚರ್ಮ ಸ್ವಲ್ಪ ಸೀದ್ರೂ ಸಾಕು, ಈ ಪುಣ್ಯಾತ್ಮ ಅಲಾರಂ ಕಿರುಚೋಕೆ ಶುರು. ಒಂದು ಸಲ ಹಾಗೆ ಬೆಚ್ಚಿಬಿದ್ದು ಅಕ್ಷರಾನೇ ಸೊಟ್ಟ ಒತ್ತಿಬಿಟ್ರು. ಅವತ್ತಿಂದ ಅಕ್ಷರದ ಕೆಲಸ ಇದ್ದಾಗ ಟೋಪಿ ಹಾಕೋದು, ಮುಗಿದ ಕೂಡಲೇ ತೆಗೆದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕೋದು. ಮರೆತ್ರೂ ಎದ್ದು ಕಾಣ್ಲಿ ಅಂತಾನೇ ಕೆಂಪು ಬಟ್ಟೆ."

ಮಸಿಯಕ್ಕ ಟೋಪಿಯನ್ನು ಅಂಗೈಯಲ್ಲಿ ಮಗುಚಿ ನೋಡಿದಳು. ತಿಂಗಳು ತಿಂಗಳೂ ಕುಂಚದಲ್ಲಿ ಒರೆಸುವಷ್ಟು ಜತನದ ಮನುಷ್ಯ, ತನ್ನ ಕೈಯಾರೆ ಅದರ ಬಾಯಿ ಮುಚ್ಚಲು ಇಷ್ಟು ಚಂದದ ಟೋಪಿಯನ್ನೂ ಹೊಲಿದಿದ್ದ. ಅಜಾಗರೂಕರ ಮನೆಯಲ್ಲಿ ಇಂಥದು ಹುಟ್ಟುವುದೇ ಇಲ್ಲ.

"ತೆಗೆದು ಯಾಕೆ ಬಚ್ಚಿಟ್ಟೆ?"

"ನನ್ನ ತಪ್ಪು ಅದು," ಎಂದಳು ಸೊಸೆ. ಅಳು ಬಂದರೂ ತಡೆದುಕೊಂಡಳು. "ತಿಂಗಳ ಮೊದಲನೇ ಭಾನುವಾರ ಅಲಾರಂ ಗುಂಡಿ ಒತ್ತಿ ನೋಡೋದು ನನ್ನ ಪಾಲಿನ ಕೆಲಸ. ಮದುವೆಯಾಗಿ ಬಂದಾಗ ಮಾವ ಕೊಟ್ಟಿದ್ದು. ಈ ಸಲ ಒತ್ತಲಿಲ್ಲ ಮೇಡಂ. ಒಂದು ಗೌನು ಅರ್ಜೆಂಟಾಗಿ ಕೊಡಬೇಕಿತ್ತು. ಮಾವ ವಾಕಿಂಗಿಂದ ಬಂದು, ಕೂಗ್ತೇನಮ್ಮಾ ಅಂತ ಕೇಳಿದ್ರು. ಕೂಗ್ತು ಮಾವ ಅಂದೆ. ಕತ್ತೆತ್ತಿಯೂ ನೋಡದೆ ಹೇಳಿಬಿಟ್ಟೆ."

"ಅದಾಗಿ ಎರಡು ದಿನಕ್ಕೆ ಬೆಂಕಿ."

"ಹೂಂ. ಅವರನ್ನ ಹೊರಗೆ ಎತ್ತಿಕೊಂಡು ಹೋದ ಮೇಲೆ ಮೇಲೆ ಬಂದೆ. ಟೋಪಿ ಇನ್ನೂ ಕಟ್ಟೇ ಇತ್ತು. ಮಾವ ಮೂರು ವಾರದ ಹಿಂದೆ ಜಾರಿ ಬಿದ್ದು ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸ್ಕೊಂಡಿದ್ರು. ಅದಕ್ಕೆ ಮುಂಚೆ ಕಟ್ಟಿದ್ದು ಮರೆತು ಹಾಗೇ ಉಳಿದಿರಬೇಕು. ಭಾನುವಾರ ನಾನು ಒಂದು ಸಲ, ಒಂದೇ ಒಂದು ಸಲ ಮೇಲೆ ನೋಡಿದ್ರೆ..." ಮಾತು ಅಲ್ಲಿಗೆ ಕಡಿದುಹೋಯಿತು. "ಸ್ಟೂಲು ಹತ್ತಿ, ಕತ್ತರಿಯಿಂದ ದಾರ ಕತ್ತರಿಸಿ ತಗೊಂಡು ಹೋದೆ. ಯಾರ ಮುಖಾನೂ ನೋಡೋ ಧೈರ್ಯ ಇರಲಿಲ್ಲ. ಬರೀರಿ ಮೇಡಂ, ನನ್ನ ಹೆಸರೇ ಬರೀರಿ. ಆರು ದಿನದಿಂದ ನಿದ್ದೆ ಬಂದಿಲ್ಲ."

ಮಸಿಯಕ್ಕ ಬರೆಯಲಿಲ್ಲ. ಗಂಟನ್ನು ಟಾರ್ಚಿನ ಬೆಳಕಿಗೆ ಹಿಡಿದಳು. ದಾರ ತನ್ನ ಸುತ್ತಲೇ ಸುತ್ತಿಕೊಂಡು ಒಂದು ಕುಣಿಕೆಯಾಗಿ, ಅದರಿಂದ ಪುಟ್ಟ ಬಾಲ ಹೊರಗೆ ಇಣುಕುತ್ತಿತ್ತು. ಆ ಬಾಲ ಎಳೆದರೆ ಸಾಕು, ಇಡೀ ಗಂಟು ಸಡಿಲಾಗಿ ಕೈಗೆ ಬರುತ್ತದೆ. ಕಟ್ಟುವುದಕ್ಕೆ ಮಾತ್ರ ಎರಡೂ ಕೈಯ ಬೆರಳು ನೆಟ್ಟಗಿರಬೇಕು.

"ಈ ಗಂಟು ಬಿಚ್ಚೋಕೆ ಬರತ್ತಾ ನಿನಗೆ?"

"ಇಲ್ಲ. ನಮ್ಮ ಹೊಲಿಗೇಲಿ ಇದಿಲ್ಲ. ಅದಕ್ಕೇ ಕತ್ತರಿಸಿದ್ದು."

"ಸರಿ. ಕಟ್ಟೋಕೆ ಬರೋರು ಯಾರೂ ಅವಸರದಲ್ಲಿ ಕತ್ತರಿ ಹುಡುಕಲ್ಲ, ಬಾಲ ಎಳೀತಾರೆ. ಅಂದ್ರೆ ಇದನ್ನ ಕಟ್ಟಿದವಳು ನೀನಲ್ಲ. ಇಷ್ಟನ್ನ ನಾನು ಯಾರ ಎದುರು ಬೇಕಾದ್ರೂ ಹೇಳಬಲ್ಲೆ. ಈಗ ಯೋಚನೆ ಮಾಡಿ ಹೇಳು. ಭಾನುವಾರ ಬಿಡು. ಅಲಾರಂ ಕೂಗಿದ್ದನ್ನ ನೀನು ಕಡೇ ಸಲ ಕೇಳಿದ್ದು ಯಾವಾಗ?"

ಸೊಸೆ ಕಣ್ಣು ಒರೆಸಿಕೊಂಡಳು. "ಆವತ್ತೇ."

"ಯಾವತ್ತು?"

"ಮಂಗಳವಾರವೇ. ಹನ್ನೆರಡೂವರೆಗೆ. ಕೆಳಗೆ ಇಸ್ತ್ರಿ ಮಾಡ್ತಿದ್ದೆ. ಒಂದು ಹದಿನೈದಿಪ್ಪತ್ತು ಸೆಕೆಂಡು ಕೂಗಿ ನಿಂತುಹೋಯ್ತು. ನನಗೆ ಎದೆ ಧಸಕ್ ಅಂತು. ನಾನು ಸುಳ್ಳು ಹೇಳಿದ್ದು ಮಾವನಿಗೆ ಗೊತ್ತಾಗಿ, ಅವರೇ ಕೋಲಿನಿಂದ ಒತ್ತಿ ನೋಡ್ತಿದ್ದಾರೆ ಅಂದ್ಕೊಂಡೆ. ನಾಚಿಕೆಗೆ ಮೇಲೆ ಹೋಗ್ಲೇ ಇಲ್ಲ."

ಮಸಿಯಕ್ಕ ಟಾರ್ಚು ಆರಿಸಿದಳು. ಟೋಪಿಯ ತಲೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ರಟ್ಟು ಮಣಿಯಲಿಲ್ಲ, ಹಲಗೆಯ ಹಾಗಿತ್ತು.

"ಇದು ತಲೆ ಮೇಲೆ ಇದ್ದಿದ್ರೆ ಕೋಲಿನಿಂದ ಎಷ್ಟು ತಿವಿದ್ರೂ ಗುಂಡಿಗೆ ತಾಗ್ತಿರಲಿಲ್ಲ. ಹೊಗೆಯೂ ಒಳಗೆ ಹೋಗ್ತಿರಲಿಲ್ಲ. ಕೂಗ್ತು ಅಂದ್ರೆ ಹನ್ನೆರಡೂವರೆಗೆ ಟೋಪಿ ಇರಲಿಲ್ಲ ತಾಯೀ. ಮೂರು ವಾರದಿಂದ ಮರೆತುಹೋದ ಟೋಪಿ ಅಲ್ಲ ಇದು. ನೀನು ಭಾನುವಾರ ಹತ್ತು ಸಲ ಒತ್ತಿದ್ರೂ ಅದು ಹತ್ತು ಸಲ ಕೂಗಿ, ಮಂಗಳವಾರ ಇದೇ ಆಗ್ತಿತ್ತು."

ಸೊಸೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು. ಬೆನ್ನಿನ ಬಟ್ಟೆಗೆಲ್ಲ ಮಸಿ ಮೆತ್ತಿತು. ಆರು ದಿನ ಒಳಗೇ ತುಂಬಿಟ್ಟಿದ್ದ ಅಳು ಈಗ ಸದ್ದು ಮಾಡಿಕೊಂಡೇ ಬಂತು. ಮಸಿಯಕ್ಕ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. ಯಾರದಾದರೂ ತಲೆಯ ಮೇಲಿನಿಂದ ಹೊರೆ ಇಳಿಸುವ ಭಾಗ್ಯ ಈ ನೌಕರಿಯಲ್ಲಿ ಅಪರೂಪ.

"ಸುಳ್ಳು ಹೇಳಿದ್ದು ತಪ್ಪೇ. ಮುಂದಿನ ಭಾನುವಾರ ಒತ್ತು. ನಾನೂ ಮನೆಗೆ ಹೋಗಿ ನಮ್ಮದಕ್ಕೆ ಬ್ಯಾಟರಿ ಹಾಕ್ತೀನಿ. ಆದ್ರೆ ಈ ಸಾವು ನಿನ್ನ ತಲೆ ಮೇಲೆ ಇಲ್ಲ."

ಹಾಗಿದ್ದರೆ ಯಾರ ತಲೆಯ ಮೇಲಿದೆ? ಹನ್ನೆರಡೂವರೆ ಆದ ಮೇಲೆ ಯಾರೋ ಸ್ಟೂಲು ಹತ್ತಿದ್ದಾರೆ. ಪ್ಲಾಸ್ಟರಿನ ಕೈಯಲ್ಲಿ ಮುದುಕರು ಈ ಗಂಟು ಕಟ್ಟಲಾರರು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು. ಟೋಪಿ ಹಾಕುವುದು ಕಾದ ಅಚ್ಚಿನ ಕೆಲಸವಿದ್ದಾಗ ಮಾತ್ರ. ಆ ಕೈಯಲ್ಲಿ ಅವರಿಗೆ ಅಚ್ಚು ಒತ್ತುವುದೂ ಆಗದು.

"ಈ ಗಂಟು ಮನೇಲಿ ಇನ್ಯಾರಿಗೆ ಬರತ್ತೆ?"

"ಅತ್ತೆಗೆ ಬರತ್ತೆ. ನಲವತ್ತು ವರ್ಷ ಮಾವನ ಪಕ್ಕ ಕೂತು ಪುಸ್ತಕ ಹೊಲಿದವರು. ಆದ್ರೆ ಅವರು ಆವತ್ತು ಒಂದು ಗಂಟೆಗೆ ಕಣ್ಣಿನ ಡಾಕ್ಟರ ಹತ್ರ ಹೋಗಿದ್ರು. ಬಂದು ನೋಡಿದವರು ಇವತ್ತಿನವರೆಗೂ ಒಂದು ಮಾತಾಡಿಲ್ಲ, ನೀವೇ ನೋಡ್ತಿದೀರಲ್ಲ." ಸೊಸೆ ಮೂಗು ಒರೆಸಿಕೊಂಡಳು. "ನಮ್ಮೆಜಮಾನ್ರಿಗೂ ಚಿಕ್ಕಂದಿನಲ್ಲಿ ಕಲಿಸಿದ್ರಂತೆ. ಆದ್ರೆ ಅವರು ನೋಂದಣಿ ಕಚೇರಿ ಕೆಲಸಕ್ಕೆ ಸೇರಿದಾಗ ಅಪ್ಪ ಮಗನಿಗೆ ಜಗಳ ಆಗಿ, ಐದು ವರ್ಷದಿಂದ ಈ ಮೆಟ್ಟಿಲೇ ಹತ್ತಿಲ್ಲ. ಇಬ್ಬರದೂ ಒಂದೇ ಹಟ."

"ಮನೇಲಿದಾರಾ?"

"ರಜೆ ಹಾಕಿದಾರೆ. ಏನ್ರೀ, ಸ್ವಲ್ಪ ಮೇಲೆ ಬರ್ತೀರಾ?"

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎತ್ತರದ, ತೆಳ್ಳಗಿನ ಮನುಷ್ಯ, ತಂದೆಯದೇ ಮೂಗು. ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಕಣ್ಣು ನೆಟ್ಟಗೆ ಹೆಂಡತಿಯ ಮೇಲಿತ್ತು, ಅವಳ ಅಳುವ ಮುಖದ ಮೇಲೆ. ಕೆಳಗೆ ನೋಡದೆಯೇ ಹತ್ತಿ ಬಂದ. ಮೇಲಿನಿಂದ ಎರಡನೇ ಮೆಟ್ಟಿಲಿನಲ್ಲಿ ಅವನ ಕಾಲು ತಾನಾಗಿಯೇ ಒಂದಿಷ್ಟು ಹೆಚ್ಚು ಎದ್ದಿತು.

ಮಸಿಯಕ್ಕ ಅದನ್ನು ನೋಡಿದಳು. ಐದು ವರ್ಷದಿಂದ ಹತ್ತದವನ ಕಾಲಿಗೆ ಹೋದ ವರ್ಷ ಎತ್ತರವಾದ ಮೆಟ್ಟಿಲು ಗೊತ್ತಿತ್ತು.

"ಈ ಗಂಟು ಯಾರದು ಹೇಳ್ತೀರಾ?" ಎಂದು ಟೋಪಿ ಚಾಚಿದಳು.

ಅವನು ಬಲಗೈಯೊಂದರಲ್ಲೇ ಅದನ್ನು ತೆಗೆದುಕೊಂಡ. ಕಿಟಕಿಯ ಕಡೆ ತಿರುಗಿ, ಹೆಬ್ಬೆರಳಿನಿಂದಲೇ ಗಂಟನ್ನು ತಡವಿದ. ಮುಖದ ಬಣ್ಣ ಇಳಿದುಹೋಯಿತು.

"ಮೂರು ಸುತ್ತು," ಎಂದ. "ಅಪ್ಪ ಯಾವಾಗಲೂ ಎರಡೇ ಸುತ್ತು ಹಾಕ್ತಿದ್ದಿದ್ದು."

"ಮೂರು ಹಾಕೋರು ಯಾರು?"

ಅವನು ಟೋಪಿಯನ್ನು ವಾಪಸು ಚಾಚಿದ. ಮಸಿಯಕ್ಕನ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸಾಹೇಬರೇ ಇರಬೇಕು. ಅವಳು ಕೈ ಹಾಕಲಿಲ್ಲ.

"ನಾನು," ಎಂದಿತು ಒಂದು ದನಿ.

ಆರು ದಿನ ಬಳಸದೆ ತುಕ್ಕು ಹಿಡಿದ ದನಿ. ಮೆಟ್ಟಿಲ ಬುಡದಲ್ಲಿ ಪಕ್ಕದ ಕಂಬಿ ಹಿಡಿದು ಅತ್ತೆ ನಿಂತಿದ್ದರು. ಅಲ್ಲಿಗೆ ಎಷ್ಟು ಹೊತ್ತಿಗೆ ಬಂದರೋ, ಏನೇನು ಕೇಳಿಸಿಕೊಂಡರೋ.

"ಮೂರು ಸುತ್ತು ನಂದು. ಕಟ್ಟಿದ್ದೂ ನಾನೇ. ಆ ಮಗೂನ ಅಳಿಸಬೇಡಿ, ಅವಳದೇನೂ ಇಲ್ಲ." ಒಂದೊಂದೇ ಮೆಟ್ಟಿಲು ಹತ್ತುತ್ತ, ಒಂದೊಂದೇ ಮಾತು ಆಡಿದರು. "ಡಾಕ್ಟರ ಹತ್ರ ಹೊರಟಿದ್ದೆ. ಒಳಗೆ ಚರ್ಮ ಸೀದು ಇದು ಕೂಗ್ತು. ಹಜಾರದ ಕಿಟಕಿ ತೆಗೆದು ಗಾಳಿ ಹಾಕಿದೆ, ನಿಂತಿತು. ನಮ್ಮ ಯಜಮಾನ್ರು ಬಾಗಿಲ ಸಂದಿಯಿಂದ ತಲೆ ಹಾಕಿ, ಟೋಪಿ ಕಟ್ಟೇ, ಕೆಲಸ ನಡೀತಿದೆ ಅಂದ್ರು. ಐದು ವರ್ಷದಿಂದ ಅಷ್ಟು ಖುಷಿಯಾಗಿದ್ದ ಮುಖ ನೋಡಿರಲಿಲ್ಲ ನಾನು. ಕಟ್ಟಿ, ಕಿಟಕಿ ಮುಚ್ಚಿ ಹೋದೆ. ಮುಗಿದ ಮೇಲೆ ಬಿಚ್ಚೋದು ಕೆಲಸ ಮಾಡಿದವರ ಜವಾಬ್ದಾರಿ. ಇದು ಈ ಮನೆ ಪದ್ಧತಿ."

"ಅತ್ತೇ, ಮಾವನ ಕೈಗೆ ಪ್ಲಾಸ್ಟರ್ ಇತ್ತಲ್ಲಾ," ಎಂದಳು ಸೊಸೆ. "ಒಳಗೆ ಕೆಲಸ ಮಾಡ್ತಿದ್ದಿದ್ದು ಯಾರು?"

ಅತ್ತೆ ಕಡೆಯ ಎತ್ತರದ ಮೆಟ್ಟಿಲನ್ನೂ ದಾಟಿ, ಹಜಾರಕ್ಕೆ ಬಂದು ನಿಂತರು. ಸೊಸೆಯನ್ನಾಗಲಿ ಮಸಿಯಕ್ಕನನ್ನಾಗಲಿ ನೋಡಲಿಲ್ಲ.

"ಮಗನೇ," ಎಂದರು ಮೆಲ್ಲಗೆ. "ಜೇಬಿನಿಂದ ಕೈ ತೆಗೆದು, ಅಚ್ಚು ಸುಟ್ಟ ಬೆರಳನ್ನ ಅವರಿಗೆ ತೋರಿಸು."